ಸಮುದ್ರ ಬಿಟ್ಟು ಹೋದ ಊರಿಗೆ ಬಾಡಿಗೆ ಸೈಕಲ್ಲಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಇದು ಬೆಲ್ಜಿಯಂನ ಬ್ರೂಜ್ ಬಗ್ಗೆ ಅಲ್ಲ. ಅಲ್ಲಿಗೆ ಹೋದವರೆಲ್ಲ ಬರೆದಿದ್ದಾರೆ. ಕಾಲುವೆಯ ಆ ಒಂದು ಮೂಲೆಯಲ್ಲಿ ನಿಂತು, ಹಿಂದೆ ಗಂಟೆಗೋಪುರ ಕಾಣುವ ಹಾಗೆ ಎಲ್ಲರೂ ತೆಗೆಸಿಕೊಳ್ಳುವ ಫೋಟೋವನ್ನು ನಾವೂ ತೆಗೆಸಿಕೊಂಡೆವು, ಅದರಲ್ಲಿ ಸುಳ್ಳು ಹೇಳೋದೇನಿಲ್ಲ. ಆದರೆ ನನಗೆ ಹೇಳಬೇಕಾಗಿರುವುದು ಅಲ್ಲಿಂದ ಆರೇಳು ಕಿಲೋಮೀಟರ್ ದೂರದ ಡಮ್ಮೆ ಅನ್ನುವ ಊರಿನ ಬಗ್ಗೆ. ಒಂದು ಮುಖ್ಯ ಬೀದಿ, ಒಂದು ಚೌಕ, ಒಂದು ಚರ್ಚು, ಒಂದು ಗಾಳಿಗಿರಣಿ, ಒಂದು ಕಾಲುವೆ. ನಿಧಾನಕ್ಕೆ ನಡೆದರೂ ಕಾಲು ಗಂಟೆಯಲ್ಲಿ ಊರು ಮುಗಿದು ಹೊಲ ಶುರುವಾಗುತ್ತದೆ. ಅಲ್ಲಿ ನಾವು ಐದು ಗಂಟೆ ಇದ್ದೆವು.

ನಾವು ಅಂದರೆ ನಾನು ಮತ್ತು ತಂಗಿ. ಅವಳು ಓದುತ್ತಿರುವುದು ಗೆಂಟ್‌ನಲ್ಲಿ. ಅಲ್ಲಿಂದ ಬ್ರೂಜ್‌ಗೆ ರೈಲಿನಲ್ಲಿ ಅರ್ಧ ಗಂಟೆ ದಾರಿ. ಅಂದಹಾಗೆ ಬ್ರೂಜ್ ಅನ್ನೋದು ಫ್ರೆಂಚರ ಉಚ್ಚಾರ. ಊರಿನವರು ಗಂಟಲಿನೊಳಗಿಂದ "ಬ್ರುಖ್ಖೆ" ಅನ್ನುವ ಹಾಗೆ ಏನೋ ಹೇಳುತ್ತಾರೆ. ನಾನು ಎರಡು ಸಲ ಪ್ರಯತ್ನಪಟ್ಟೆ. ಎರಡನೇ ಸಲ ರೈಲಿನಲ್ಲಿ ಎದುರಿಗೆ ಕೂತಿದ್ದವರು ನೀರಿನ ಬಾಟಲಿ ಕೊಡಲು ಬಂದರು.

ಬ್ರೂಜ್‌ನಲ್ಲಿ ನಾವು ಇದ್ದಿದ್ದು ಒಂದೂವರೆ ದಿನ. ಸ್ಟೇಷನ್ನಿನಿಂದ ನಡೆದುಕೊಂಡು ಹೋದರೆ ಮೊದಲು ಸಿಗುವುದು ಮಿನ್ನೆವಾಟರ್ ಅನ್ನುವ ಕೆರೆ, ಅದರ ತುಂಬಾ ಹಂಸಗಳು. ಈ ಹಂಸಗಳಿಗೊಂದು ಕತೆ ಕಟ್ಟಿದ್ದಾರೆ. 1488ರಲ್ಲಿ ಊರಿನವರು ದಂಗೆ ಎದ್ದು ಮ್ಯಾಕ್ಸಿಮಿಲಿಯನ್ ದೊರೆಯನ್ನೇ ಹಿಡಿದು ಕೂಡಿಹಾಕಿದರು, ಅವನ ಕಡೆಯ ಅಧಿಕಾರಿ ಪೀಟರ್ ಲಾಂಗ್‌ಹಾಲ್ಸ್‌ನ ತಲೆ ಕತ್ತರಿಸಿದರು. ಲಾಂಗ್‌ಹಾಲ್ಸ್ ಅಂದರೆ ಉದ್ದ ಕುತ್ತಿಗೆ. ಆಮೇಲೆ ದೊರೆ ಬಿಡುಗಡೆಯಾಗಿ, ಇನ್ನು ಮುಂದೆ ಉದ್ದ ಕುತ್ತಿಗೆಯವರನ್ನು ನೀವೇ ಸಾಕಿ ಅಂತ ಊರಿಗೆ ಶಿಕ್ಷೆ ಕೊಟ್ಟನಂತೆ. ದಂಗೆಯೂ ನಿಜ, ಕೊಲೆಯೂ ನಿಜ. ಹಂಸದ ಭಾಗ ಮಾತ್ರ ಯಾರೋ ಆಮೇಲೆ ಸೇರಿಸಿದ್ದಿರಬೇಕು, ಕೇಳಲು ಅಷ್ಟು ಸಲೀಸಾಗಿದೆ.

ಕೆರೆಯ ಪಕ್ಕದಲ್ಲೇ 1245ರಲ್ಲಿ ಶುರುವಾದ ಬೆಖೈನ್‌ಹೋಫ್ ಇದೆ. ಸನ್ಯಾಸಿನಿಯರೂ ಅಲ್ಲದ, ಸಂಸಾರಸ್ಥರೂ ಅಲ್ಲದ ಹೆಂಗಸರು ತಮ್ಮ ಪಾಡಿಗೆ ತಾವು ದುಡಿದುಕೊಂಡು ಒಟ್ಟಿಗೆ ಇದ್ದ ಜಾಗ. ಬಿಳಿ ಗೋಡೆಯ ಮನೆಗಳು, ನಡುವೆ ಎತ್ತರದ ಮರಗಳು. ಮಾತಾಡಬೇಡಿ ಅಂತ ಬೋರ್ಡು. ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು. ಅದನ್ನು ದಾಟಿ ಊರೊಳಗೆ ಹೋದ ಮೇಲೆ ಜನ, ಜನ, ಜನ. ಚಾಕೊಲೇಟ್ ಅಂಗಡಿ, ಪಕ್ಕದಲ್ಲಿ ಚಾಕೊಲೇಟ್ ಅಂಗಡಿ, ಎದುರಿಗೆ ಲೇಸ್ ಅಂಗಡಿ, ಅದರ ಪಕ್ಕ ಮತ್ತೆ ಚಾಕೊಲೇಟ್. ಗಂಟೆಗೋಪುರದ 366 ಮೆಟ್ಟಿಲು ಹತ್ತಲು ಇದ್ದ ಸಾಲು ನೋಡಿಯೇ ಮಂಡಿ ನೋವು ಬಂತು. ತಂಗಿ ಹೇಳಿದಳು, "ಅಕ್ಕಾ, ನಾಳೆ ಮಂಗಳವಾರ. ಸೈಕಲ್ ತಗೊಂಡು ಡಮ್ಮೆಗೆ ಹೋಗೋಣ. ಅಲ್ಲಿ ಏನೂ ಇಲ್ಲ." ಏನೂ ಇಲ್ಲ ಅಂದಿದ್ದೇ ನನಗೆ ಸಾಕಾಯಿತು.

ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯವನು ಬೀಗದ ಕೈ ಕೊಟ್ಟ, ಸೀಟು ಇಳಿಸಿಕೊಟ್ಟ, ನಕ್ಕ. ಬ್ರೇಕ್ ಬಗ್ಗೆ ಏನೂ ಹೇಳಲಿಲ್ಲ. ಇಲ್ಲಿನ ಎಷ್ಟೋ ಸೈಕಲ್‌ಗಳಲ್ಲಿ ಹಿಂದಿನ ಬ್ರೇಕು ಪೆಡಲಿನಲ್ಲೇ ಇರುತ್ತದೆ, ಹಿಂದಕ್ಕೆ ತುಳಿದರೆ ಚಕ್ರ ಹಿಡಿಯುತ್ತದೆ. ನನಗೋ, ನಿಲ್ಲಿಸುವ ಮುಂಚೆ ಪೆಡಲನ್ನು ಸುಮ್ನೆ ಹಿಂದಕ್ಕೆ ತಿರುಗಿಸಿಕೊಂಡು ಕಾಲು ಸರಿ ಮಾಡಿಕೊಳ್ಳುವ ಅಭ್ಯಾಸ. ಮೊದಲ ಸಿಗ್ನಲ್‌ಗೆ ಇನ್ನೂ ಇಪ್ಪತ್ತಡಿ ಇರುವಾಗಲೇ ಹಾಗೆ ತಿರುಗಿಸಿದೆ. ಸೈಕಲ್ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಬಿದ್ದಿದ್ದು ಹುಲ್ಲಿನ ಮೇಲೆ, ಪುಣ್ಯ. ಹಿಂದೆ ಬರುತ್ತಿದ್ದ, ಎಪ್ಪತ್ತು ದಾಟಿರಬಹುದಾದ ಅಜ್ಜಿಯೊಬ್ಬರು ಬೆಲ್ ಹೊಡೆದು, ನನ್ನನ್ನು ಸುತ್ತು ಹಾಕಿ, ಒಂದು ಕ್ಷಣವೂ ನಿಧಾನ ಮಾಡದೆ ಹೋದರು.

ದಾರಿ ತಪ್ಪುವ ಭಯ ಇಲ್ಲ. ಫ್ಲಾಂಡರ್ಸ್, ಅಂದರೆ ಬೆಲ್ಜಿಯಂನಲ್ಲಿ ಡಚ್ ಮಾತಾಡುವ ಈ ಭಾಗದ ತುಂಬಾ ಸೈಕಲ್ ದಾರಿಗಳು ಸೇರುವ ಜಾಗಕ್ಕೆಲ್ಲ ಒಂದೊಂದು ನಂಬರ್ ಕೊಟ್ಟಿದ್ದಾರೆ. ಹೋಗಬೇಕಾದ ನಂಬರ್‌ಗಳನ್ನು ಬರೆದುಕೊಂಡರೆ ಆಯ್ತು, ಬೋರ್ಡು ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಇರುವುದು. 1995ರಲ್ಲಿ ಲಿಂಬರ್ಗ್ ಪ್ರಾಂತ್ಯದಲ್ಲಿ ಶುರುವಾದ ವ್ಯವಸ್ಥೆ ಇದು. ಕಲ್ಲಿದ್ದಲು ಗಣಿಯಲ್ಲಿ ಎಂಜಿನಿಯರ್ ಆಗಿದ್ದವರೊಬ್ಬರು, ನೆಲದಡಿ ಸುರಂಗಗಳಿಗೆ ನಂಬರ್ ಹಾಕುತ್ತಿದ್ದ ರೀತಿಯನ್ನೇ ಮೇಲೆ ತಂದರಂತೆ. ಆದರೆ ಡಮ್ಮೆಗೆ ಹೋಗಲು ನಂಬರೂ ಬೇಡ. ಊರಿನ ಈಶಾನ್ಯ ಮೂಲೆಯ ದಾಮ್‌ಪೋರ್ಟ್ ಹತ್ತಿರ ಕಾಲುವೆ ಸಿಗುತ್ತದೆ, ಅದರ ಪಕ್ಕದಲ್ಲೇ ಹೋಗುತ್ತಾ ಇರಬೇಕು, ಅಷ್ಟೇ.

ಈ ಕಾಲುವೆ ಇದೆಯಲ್ಲ, ದಾಮ್ಸೆ ಫಾರ್ಟ್, ಇದನ್ನು ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ತೋಡಿದ್ದಾರೆ. ತೋಡಿಸಿದ್ದು ನೆಪೋಲಿಯನ್. ಆಗ ಸಮುದ್ರದಲ್ಲಿ ಇಂಗ್ಲಿಷರ ನೌಕಾಪಡೆಯ ಕಾಟ. ಸಮುದ್ರಕ್ಕೆ ಇಳಿಯದೆ ಒಳನಾಡಿನಲ್ಲೇ ಶೆಲ್ಟ್ ನದಿಯ ಕಡೆ ಸೈನ್ಯ, ಸರಕು ಸಾಗಿಸಬೇಕು ಅಂತ 1810ರ ಸುಮಾರಿಗೆ ಅಪ್ಪಣೆ ಕೊಟ್ಟ. ಮಣ್ಣು ಹೊತ್ತವರಲ್ಲಿ ಸ್ಪೇನ್‌ನ ಯುದ್ಧ ಕೈದಿಗಳು ಇದ್ದರು. 1814ರಲ್ಲಿ ಅವನ ಆಟ ಮುಗಿಯಿತು, ಕಾಲುವೆ ಕೆಲಸವೂ ನಿಂತಿತು. ಆಮೇಲೆ ಹೇಗೋ ಎಳೆದುಕೊಂಡು ಹೋಗಿ ಈಗ ನೆದರ್ಲೆಂಡ್ಸ್‌ನಲ್ಲಿರುವ ಸ್ಲೌಸ್ ಊರಿನವರೆಗೆ ಮುಟ್ಟಿಸಿದರು. ಶೆಲ್ಟ್ ನದಿ ಸಿಗಲೇ ಇಲ್ಲ. ಒಟ್ಟು 15 ಕಿಲೋಮೀಟರ್ ಆಸುಪಾಸು.

ಎರಡೂ ದಡದಲ್ಲಿ ಎತ್ತರದ ಪಾಪ್ಲರ್ ಮರಗಳು. ಎಲ್ಲವೂ ಒಂದೇ ಕಡೆಗೆ ಬಾಗಿವೆ. ಈಶಾನ್ಯಕ್ಕೆ, ಅಂದರೆ ನಾವು ಹೋಗುತ್ತಿದ್ದ ಕಡೆಗೆ. ಮೇ ತಿಂಗಳು, ಎಳೆ ಎಲೆ, ನೀರಿನಲ್ಲಿ ಮರದ ನೆರಳು, ಬಲಗಡೆ ಹೊಲದಲ್ಲಿ ಕುರಿಮರಿಗಳು. ಪೆಡಲ್ ತುಳಿಯುವುದೇ ಬೇಡ ಅನ್ನುವ ಹಾಗೆ ಸೈಕಲ್ ತಾನಾಗಿಯೇ ಓಡುತ್ತಿತ್ತು. "ನೋಡೇ, ಸೈಕಲ್ ಹೊಡೆಯೋದು ನನಗೇನೂ ಮರೆತಿಲ್ಲ" ಅಂತ ತಂಗಿಗೆ ಹೇಳಿದೆ. ಮರಗಳು ಯಾಕೆ ಹಾಗೆ ಬಾಗಿವೆ ಅಂತ ಆಗ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ.

ಅರ್ಧ ಗಂಟೆಗೆ ಗಾಳಿಗಿರಣಿ ಕಾಣಿಸಿತು. ಶೆಲ್ಲೆಮೋಲನ್ ಅಂತ ಹೆಸರು, 1867ರದ್ದು. ಅದರಾಚೆ ಒಂದು ದಪ್ಪ ಚೌಕ ಗೋಪುರ. ಅಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಗೋಪುರ ಯಾಕೆ ಅನ್ನೋ ಪ್ರಶ್ನೆಯಿಂದಲೇ ನನಗೆ ಡಮ್ಮೆ ಶುರುವಾಗಿದ್ದು.

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ ಅಂತ ಗಾದೆ ಇದೆಯಲ್ಲ. ಇಲ್ಲಿ ಅದು ತಿರುವುಮುರುವು. ನೀರಿಗಾಗಿಯೇ ಊರು ಬಂತು, ಆಮೇಲೆ ನೀರೇ ಊರು ಬಿಟ್ಟು ಹೋಯಿತು. 1134ರಲ್ಲಿ ದೊಡ್ಡ ಬಿರುಗಾಳಿ ಎದ್ದು ಸಮುದ್ರ ಒಳಗೆ ನುಗ್ಗಿ, ನೆಲವನ್ನು ಸೀಳಿಕೊಂಡು ಒಂದು ಹಿನ್ನೀರು ಮಾಡಿತು. ಅದೇ ಜ್ವಿನ್. ಬ್ರೂಜ್‌ನ ವ್ಯಾಪಾರಿಗಳಿಗೆ ಬಾಗಿಲಿಗೇ ಸಮುದ್ರ ಬಂದ ಹಾಗಾಯಿತು. ಪೂರ್ತಿ ಬಾಗಿಲಿಗಲ್ಲ, ಸ್ವಲ್ಪ ಹಿಂದಕ್ಕೆ. ಅಲ್ಲೊಂದು ಕಟ್ಟೆ ಕಟ್ಟಿದರು. ಡಚ್ಚಿನಲ್ಲಿ ಕಟ್ಟೆಗೆ ಡಾಮ್, ಊರಿನ ಹೆಸರು ಅದರಿಂದಲೇ ಬಂದಿದ್ದು. ದೊಡ್ಡ ಹಡಗು ಇಲ್ಲಿ ನಿಲ್ಲುವುದು, ಸರಕು ಸಣ್ಣ ದೋಣಿಗೆ ಇಳಿಸುವುದು, ದೋಣಿ ಬ್ರೂಜ್‌ಗೆ ಹೋಗುವುದು. 1180ರಲ್ಲಿ ಫ್ಲಾಂಡರ್ಸ್‌ನ ಕೌಂಟ್, ಅಲ್ಸಾಸ್‌ನ ಫಿಲಿಪ್, ಇದಕ್ಕೆ ಪಟ್ಟಣದ ಹಕ್ಕು ಕೊಟ್ಟ. ಬೋರ್ಡೋ ಕಡೆಯ ವೈನ್ ಪೀಪಾಯಿಗಳು, ಉಪ್ಪು ಹಾಕಿದ ಹೆರಿಂಗ್ ಮೀನು ಎಲ್ಲಾ ಇಲ್ಲೇ ಇಳಿಯಬೇಕು. 1213ರಲ್ಲಿ ಫ್ರಾನ್ಸಿನ ರಾಜ ಎರಡನೇ ಫಿಲಿಪ್ ತನ್ನ ನೂರಾರು ಹಡಗುಗಳನ್ನು ತಂದು ಇಲ್ಲೇ ನಿಲ್ಲಿಸಿದ್ದ. ಇಂಗ್ಲಿಷರು ಬಂದು ಕೆಲವನ್ನು ಎಳೆದುಕೊಂಡು ಹೋದರು, ಉಳಿದವಕ್ಕೆ ಬೆಂಕಿ. ನೂರಾರು ಹಡಗು! ನಾವು ಹೋದಾಗ ಕಾಲುವೆಯಲ್ಲಿ ಇದ್ದಿದ್ದು ಒಂದು ಬಾತುಕೋಳಿ ಸಂಸಾರ.

ಆಮೇಲೆ ಆಗಿದ್ದು ಮರಳಿನ ಕತೆ. ಉಬ್ಬರ ಬಂದಾಗಲೆಲ್ಲ ಮರಳು ತರುತ್ತದೆ, ಇಳಿಯುವಾಗ ಅದನ್ನೆಲ್ಲ ವಾಪಸ್ ಕೊಂಡೊಯ್ಯುವುದಿಲ್ಲ. ಇದರ ಜೊತೆಗೆ ಜನ ಸುಮ್ಮನೆ ಕೂರಲಿಲ್ಲ. ಪಕ್ಕದ ಜೌಗು ಭೂಮಿಗೆ ಒಡ್ಡು ಹಾಕಿ ಹಾಕಿ ಹೊಲ ಮಾಡಿಕೊಂಡರು. ಹಾಗೆ ಮಾಡಿದಷ್ಟೂ ಉಬ್ಬರದ ನೀರಿಗೆ ಹರಡಿಕೊಳ್ಳಲು ಜಾಗ ಕಮ್ಮಿ, ಒಳಗೆ ಬರುವ ನೀರೇ ಕಮ್ಮಿ, ಮರಳು ಗುಡಿಸಿಕೊಂಡು ಹೋಗುವ ಜೋರು ಇನ್ನೂ ಕಮ್ಮಿ. ಹೊಲವೂ ಬೇಕು ಬಂದರೂ ಬೇಕು ಅಂದರೆ ಆಗುತ್ತಾ? ಬಂದರು ಮೊದಲು ಸ್ಲೌಸ್ ಕಡೆಗೆ ಸರಿಯಿತು, ಕೊನೆಗೆ ವ್ಯಾಪಾರವೆಲ್ಲ ಆಂಟ್‌ವೆರ್ಪ್‌ಗೆ. ಬ್ರೂಜ್ ಬಡವಾಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟಲು ದುಡ್ಡಿಲ್ಲದೆ ಹಾಗೇ ಉಳಿಯಿತು, ಈಗ ಅದನ್ನೇ ನೋಡಲು ಜನ ಬಂದು ದುಡ್ಡು ಕೊಡುತ್ತಾರೆ. ಡಮ್ಮೆಗೆ ಆ ಅದೃಷ್ಟ ಅಷ್ಟಾಗಿ ಬರಲಿಲ್ಲ. 17ನೇ ಶತಮಾನದಲ್ಲಿ ಸ್ಪೇನಿನವರು ಇದರ ಸುತ್ತ ನಕ್ಷತ್ರದ ಆಕಾರದ ಕೋಟೆ ಕಟ್ಟಿ ಸೈನಿಕರ ಠಾಣೆ ಮಾಡಿದರು. ಆಮೇಲೆ ನೆಪೋಲಿಯನ್‌ನ ಕಾಲುವೆ ಆ ನಕ್ಷತ್ರವನ್ನೇ ಸೀಳಿಕೊಂಡು ಹೋಯಿತು. ಮೇಲಿನಿಂದ ತೆಗೆದ ಫೋಟೋದಲ್ಲಿ ಕೋಟೆಯ ಮೂಲೆಗಳು ಇನ್ನೂ ಹಸಿರು ಗೆರೆಯಾಗಿ ಕಾಣುತ್ತವೆ.

ಚೌಕದಲ್ಲಿ 15ನೇ ಶತಮಾನದ ಪುರಭವನ ಇದೆ. ಕಲ್ಲಿನದು, ಚೂಪು ಕಿಟಕಿ, ಎರಡೂ ಕಡೆಯಿಂದ ಹತ್ತುವ ಮೆಟ್ಟಿಲು. ವಯಸ್ಸಾಗಿ ಮೈ ಇಳಿದವರು ಯೌವನದಲ್ಲಿ ಹೊಲಿಸಿದ ಕೋಟನ್ನೇ ಹಾಕಿಕೊಂಡು ಕೂತ ಹಾಗೆ, ಊರಿಗೆ ಅದು ದೊಡ್ಡದಾಗಿದೆ. ಗೋಡೆಯ ಮೂರ್ತಿಗಳಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಉಂಗುರ ಕೊಡುತ್ತಿದ್ದಾನೆ. ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ ಮತ್ತು ಯಾರ್ಕ್‌ನ ಮಾರ್ಗರೆಟ್, ಇಂಗ್ಲೆಂಡ್ ರಾಜ ನಾಲ್ಕನೇ ಎಡ್ವರ್ಡ್‌ನ ತಂಗಿ. 1468ರ ಜುಲೈ 3ರಂದು ಇದೇ ಊರಿನ ಒಂದು ಮನೆಯಲ್ಲಿ ಇವರ ಮದುವೆ ಆಯಿತು. ಅದೂ ಬೆಳಗ್ಗೆ 5 ಗಂಟೆಯ ಹೊತ್ತಿಗೆ! ಆಮೇಲೆ ಬ್ರೂಜ್‌ಗೆ ಮೆರವಣಿಗೆ, ಅಲ್ಲಿ ದಿನಗಟ್ಟಲೆ ಊಟ, ಕುದುರೆ ಕಾಳಗ. ತಾಳಿ ಒಂದು ಕಡೆ, ಊಟ ಇನ್ನೊಂದು ಕಡೆ ಅಂದಳು ತಂಗಿ. ಆ ಮನೆ ಬೀದಿಯಲ್ಲಿ ಈಗಲೂ ಇದೆ. ನಾವು ಮೊದಲು ಗಮನಿಸದೆ ಅದರ ಗೋಡೆಗೇ ಸೈಕಲ್ ಒರಗಿಸಿದ್ದೆವು.

ಪುರಭವನದ ಮುಂದೆ ನಿಂತಿರುವ ಕವಿಯ ಹೆಸರು ಯಾಕೋಬ್ ಫಾನ್ ಮಾರ್ಲಾಂಟ್. 13ನೇ ಶತಮಾನದವನು. ಓದು ಬರಹ ಅಂದರೆ ಲ್ಯಾಟಿನ್ ಅನ್ನುವ ಕಾಲದಲ್ಲಿ, ಇತಿಹಾಸ, ಪ್ರಾಣಿ-ಗಿಡಗಳ ವಿಷಯ, ಬೈಬಲ್ ಕತೆ ಎಲ್ಲವನ್ನೂ ಜನ ಆಡುವ ಮಾತಿನಲ್ಲಿ, ಡಚ್ಚಿನಲ್ಲಿ, ಪದ್ಯವಾಗಿ ಬರೆದ. ಪ್ರತಿಮೆ ಇಟ್ಟಿದ್ದು 1860ರಲ್ಲಿ. ಬೆಲ್ಜಿಯಂನಲ್ಲಿ ಆಗ ಆಡಳಿತ, ಕೋರ್ಟು, ದೊಡ್ಡವರ ಮಾತು ಎಲ್ಲಾ ಫ್ರೆಂಚ್. ಫ್ಲಾಂಡರ್ಸ್‌ನ ಫ್ಲೆಮಿಶ್ ಜನ ತಮ್ಮ ಮಾತಿಗೂ ಮರ್ಯಾದೆ ಬೇಕು ಅಂತ ಏಳುತ್ತಿದ್ದ ಹೊತ್ತಿನಲ್ಲಿ ಆರುನೂರು ವರ್ಷ ಹಿಂದಿನ ಈ ಕವಿಯನ್ನು ಹುಡುಕಿ ತಂದು ಚೌಕದಲ್ಲಿ ನಿಲ್ಲಿಸಿದ್ದು ಸುಮ್ನೆ ಅಲ್ಲ, ಅಲ್ವಾ? ನನಗೆ ಇಡೀ ಊರಿನಲ್ಲಿ ಜಾಸ್ತಿ ಇಷ್ಟವಾದ ಮನುಷ್ಯ ಇವನೇ. ಕಂಚಿನವನಾದರೂ.

ಪುಸ್ತಕಕ್ಕೂ ಈ ಊರಿಗೂ ಈಗಲೂ ನಂಟು. 1997ರಿಂದ ಡಮ್ಮೆ ತನ್ನನ್ನು ಪುಸ್ತಕದ ಊರು ಅಂತ ಕರೆದುಕೊಂಡಿದೆ, ಹಳೇ ಪುಸ್ತಕದ ಅಂಗಡಿಗಳಿವೆ. ಮಂಗಳವಾರವಾದ್ದರಿಂದ ನಾವು ನೋಡಿದ ಮೂರರಲ್ಲಿ ಎರಡಕ್ಕೆ ಬೀಗ. ತೆರೆದಿದ್ದ ಒಂದರಲ್ಲಿ ಡಚ್, ಫ್ರೆಂಚ್ ಪುಸ್ತಕಗಳ ರಾಶಿ, ಹಳೇ ಕಾಗದದ ವಾಸನೆ, ಒಂದು ದಪ್ಪ ಬೆಕ್ಕು. ನನಗೆ ಡಚ್ ಬರುವುದಿಲ್ಲ. ಆದರೂ 3 ಯೂರೋ ಕೊಟ್ಟು ಮೀನುಗಳ ಚಿತ್ರ ಇರುವ ಒಂದು ಹಳೇ ಶಾಲಾಪುಸ್ತಕ ತೆಗೆದುಕೊಂಡೆ. ಯಾಕೆ ಅಂತ ಕೇಳಬೇಡಿ.

ಆಮೇಲೆ ಚರ್ಚು. ದೂರದಿಂದ ಕಂಡ ಆ ಗೋಪುರದ ಹತ್ತಿರ ಹೋದರೆ ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ. ನಡುವೆ ಆಕಾಶ. ದುಡ್ಡಿದ್ದ ಕಾಲದಲ್ಲಿ ಬಂದರಿನ ಜನಸಂಖ್ಯೆಗೆ ತಕ್ಕ ಹಾಗೆ ಕಟ್ಟಿದ್ದರು. ಜನ ಹೋದ ಮೇಲೆ ರಿಪೇರಿ ಮಾಡಿಸುವವರಿಲ್ಲ. 1725ರಲ್ಲಿ ಶಿಥಿಲವಾಗಿದ್ದ ನಡುವಿನ ಭಾಗವನ್ನೇ ಕೆಡವಿಬಿಟ್ಟರು. ಒಂದು ತುದಿಯಲ್ಲಿ ಗೋಪುರ ಉಳಿಯಿತು, ಇನ್ನೊಂದು ತುದಿಯಲ್ಲಿ ಪೂಜೆಗೆ ಸಾಕಾಗುವಷ್ಟು ಕಟ್ಟಡ ಉಳಿಯಿತು. ನಡುವೆ ಕಮಾನುಗಳ ಇಟ್ಟಿಗೆ ಗೋಡೆ ಸ್ವಲ್ಪ ನಿಂತಿದೆ, ಕೆಳಗೆ ಹುಲ್ಲು. ನಾವು ಆ ಹುಲ್ಲಿನ ಮೇಲೆ ನಿಂತಿದ್ದಾಗ ತಂಗಿಗೆ ತಟ್ಟನೆ ಹೊಳೆಯಿತು, ನಾವು ಚರ್ಚಿನ ಒಳಗೇ ನಿಂತಿದ್ದೇವೆ ಅಂತ. ಇಬ್ಬರೂ ದನಿ ತಗ್ಗಿಸಿದೆವು. ಬೆಖೈನ್‌ಹೋಫ್‌ನಲ್ಲಿ ಬೋರ್ಡು ಹಾಕಿದ್ದರೂ ಪಿಸುಗುಡುತ್ತಿದ್ದವರು ನಾವು.

ಅಲ್ಲೇ ಗೋರಿಗಳ ನಡುವೆ ಒಬ್ಬ ಅಜ್ಜ ಹೂವಿನ ಕುಂಡಕ್ಕೆ ನೀರು ಹಾಕುತ್ತಿದ್ದರು. ಹಳೇ ಬಂದರು ಎಲ್ಲಿತ್ತು ಅಂತ ಕೇಳಿದೆ. ಅವರು ಕೈಯಲ್ಲಿದ್ದ ನೀರಿನ ಡಬ್ಬ ಕೆಳಗಿಟ್ಟು, ಬೇಲಿಯಾಚೆ ದನಗಳು ಮೇಯುತ್ತಿದ್ದ ಕಡೆಗೆ ಒಂದು ಸಲ ಕೈ ತೋರಿಸಿದರು. ಆಮೇಲೆ ಯಾಕೋ ಅನುಮಾನ ಬಂದ ಹಾಗೆ ಇನ್ನೊಂದು ಕಡೆಗೂ ತೋರಿಸಿದರು. ಆಮೇಲೆ ನಕ್ಕು, ಕಾಲಿನ ಕೆಳಗಿನ ನೆಲ ತೋರಿಸಿದರು. ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದ್ದು, "ಒದ್ದೆ ಮಳೆಗಾಲದಲ್ಲಿ ಬನ್ನಿ, ವಾಪಸ್ ಬಂದಿರುತ್ತೆ."

ಊಟಕ್ಕೆ ಚೌಕದ ಒಂದು ಹೋಟೆಲ್ಲಿನಲ್ಲಿ ಕೂತೆವು. ಇಲ್ಲಿನ ಹೆಸರುವಾಸಿ ಅಡುಗೆ ಹಸಿರು ಸಾರಿನಲ್ಲಿ ಬೇಯಿಸಿದ ಹಾವುಮೀನು. ಪಾರ್ಸ್ಲಿ, ಹುಳಿಸೊಪ್ಪು, ಇನ್ನೂ ಏನೇನೋ ಸೊಪ್ಪು ಹಾಕಿ ಕಡುಹಸಿರು ಮಾಡುತ್ತಾರೆ. ತಂಗಿ ಧೈರ್ಯ ಮಾಡಿದಳು, ಸೊಪ್ಪು ಚೆನ್ನಾಗಿದೆ ಅಂತ ಮಾತ್ರ ಹೇಳಿದಳು. ನಾನು ಪನ್ನೆಕೂಕ್ ತೆಗೆದುಕೊಂಡೆ. ತಟ್ಟೆಯಗಲದ ತೆಳ್ಳನೆ ಪ್ಯಾನ್‌ಕೇಕು, ಮೇಲೆ ಕಂದು ಸಕ್ಕರೆ. ಬಿಸಿಗೆ ಸಕ್ಕರೆ ಕರಗಿ ಅಂಚಿನಲ್ಲಿ ಪಾಕವಾಗುತ್ತದೆ, ಆ ಅಂಚಿಗೋಸ್ಕರ ಇನ್ನೊಂದು ಹೇಳಿದೆ.

ಇನ್ನೂ ಹೊತ್ತಿತ್ತು ಅಂತ ಕಾಲುವೆ ಪಕ್ಕದಲ್ಲೇ ಸ್ವಲ್ಪ ಮುಂದೆ ಹೋದೆವು. ಅಲ್ಲಿ ಇನ್ನೆರಡು ಕಾಲುವೆಗಳು ಅಕ್ಕಪಕ್ಕದಲ್ಲಿ ಬಂದು ನಮ್ಮ ಕಾಲುವೆಗೆ ಅಡ್ಡ ಹಾಯುತ್ತವೆ. ಕಾಗದದ ಮೇಲೆ ಲಿಯೋಪೋಲ್ಡ್ ಕಾಲುವೆ, ಸ್ಖಿಪ್‌ಡಾಂಕ್ ಕಾಲುವೆ. ಜನರ ಬಾಯಲ್ಲಿ ಒಂದು "ಬ್ಲಿಂಕರ್", ಇನ್ನೊಂದು "ಸ್ಟಿಂಕರ್". ಅಂದರೆ ಹೊಳೆಯುವವನು ಮತ್ತು ನಾರುವವನು. ಸ್ಖಿಪ್‌ಡಾಂಕ್‌ನಲ್ಲಿ ಬರುತ್ತಿದ್ದುದು ಲೈ ನದಿಯ ನೀರು. ಲಿನನ್ ಬಟ್ಟೆಗೆ ನಾರು ಬಿಡಿಸಲು ಆ ನದಿಯಲ್ಲಿ ಅಗಸೆ ಗಿಡಗಳನ್ನು ಕೊಳೆಹಾಕುತ್ತಿದ್ದರು, ಆ ಗಬ್ಬು ನೀರೆಲ್ಲ ಇಲ್ಲಿಂದ ಸಮುದ್ರಕ್ಕೆ. ಈಗ ವಾಸನೆ ಏನಿಲ್ಲ, ಹೆಸರು ಉಳಿದಿದೆ. ಅಡ್ಡಹೆಸರು ಇಡುವುದರಲ್ಲಿ ಎಲ್ಲಾ ದೇಶದ ಹಳ್ಳಿಯವರೂ ಒಂದೇ.

ವಾಪಸ್ ತಿರುಗಿಸಿದ ತಕ್ಷಣ ಪಾಪ್ಲರ್ ಮರಗಳ ವಿಷಯ ಅರ್ಥವಾಯಿತು. ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ನೈಋತ್ಯದಿಂದ. ತಡೆಯಲು ಗುಡ್ಡ ಇಲ್ಲ, ಕಾಡು ಇಲ್ಲ, ಸಮುದ್ರಮಟ್ಟಕ್ಕೆ ಚಪ್ಪಟೆಯಾಗಿ ಬಿದ್ದ ನೆಲ. ಬೆಳಗ್ಗೆ ನನ್ನ ಬೆನ್ನು ತಳ್ಳಿದ್ದು ಅದೇ ಗಾಳಿ, ಈಗ ಎದೆಗೆ ಕೈಯಿಟ್ಟು ನಿಲ್ಲಿಸುತ್ತಿತ್ತು. ಒಂದು ಹಂತದಲ್ಲಿ ಇಳಿದು ತಳ್ಳಿಕೊಂಡು ನಡೆದೆ, ಅದೇ ಬೇಗ ಅನ್ನಿಸಿತು.

ಹಿಂದಿನಿಂದ ಕೊಳಲೂದಿದ ಹಾಗೆ ಸದ್ದು. ಬ್ರೂಜ್‌ಗೂ ಡಮ್ಮೆಗೂ ನಡುವೆ ಓಡಾಡುವ ಪ್ರವಾಸಿ ದೋಣಿ, ಲಾಮೆ ಖುಡ್‌ಜಾಕ್. ಟೈಲ್ ಔಲನ್‌ಸ್ಪೀಗಲ್ ಅನ್ನುವ ಕಿಲಾಡಿಯ ಜೊತೆಗಾರ, ತಿಂಡಿಪೋತ ಡುಮ್ಮನ ಹೆಸರು ಅದಕ್ಕೆ. ಟೈಲ್ ಮೂಲದಲ್ಲಿ ಜರ್ಮನಿಯ ಕತೆಗಳವನು, 1867ರಲ್ಲಿ ಬಂದ ಒಂದು ಕಾದಂಬರಿ ಅವನನ್ನು ಡಮ್ಮೆಯಲ್ಲೇ ಹುಟ್ಟಿಸಿಬಿಟ್ಟಿತು, ಅವತ್ತಿನಿಂದ ಈ ಊರಿನವನೇ. ದೋಣಿ ನಮ್ಮನ್ನು ಹಿಂದೆ ಹಾಕಲು ಯಾವ ಅವಸರವನ್ನೂ ಪಡಲಿಲ್ಲ. ಗಾಜಿನ ಹಿಂದೆ ಬೆಚ್ಚಗೆ ಕೂತಿದ್ದ ಒಂದು ಮಗು ನನ್ನ ಕಡೆ ಕೈ ಬೀಸಿತು, ಅದರ ಅಜ್ಜಿ ಕಾಫಿ ಲೋಟ ಎತ್ತಿ ತೋರಿಸಿದರು.

"ಅಕ್ಕಾ, ಇದರಲ್ಲೇ ಬರಬಹುದಿತ್ತು ಕಣೇ" ಅಂದಳು ತಂಗಿ.

ಬೈಯೋಣ ಅಂದರೆ ಉಸಿರಿರಲಿಲ್ಲ. ಸುಮ್ಮನೆ ಪೆಡಲನ್ನು ಹಿಂದಕ್ಕೆ ತಿರುಗಿಸಿದೆ. ಸೈಕಲ್ ಗಕ್ಕನೆ ನಿಂತಿತು.